ದುಬೈನ ಮಳಿಗೆ, ಬ್ಯಾಡಗಿಯ ಕಣ

ದುಬೈನಲ್ಲಿ ಪ್ರತಿವರ್ಷ ಮೊದಲ ತಿಂಗಳುಗಳಲ್ಲಿ ಗಲ್ಫುಡ್ ಎಂಬ ಆಹಾರ ವ್ಯಾಪಾರ ಮೇಳ ನಡೆಯುತ್ತದೆ. 1987ರಲ್ಲಿ ಶುರುವಾದ ಈ ಮೇಳಕ್ಕೆ ಇಂದು ನೂರಕ್ಕೂ ಹೆಚ್ಚು ದೇಶಗಳ ಕಂಪನಿಗಳು ಬರುತ್ತವೆ. ಯುರೋಪಿನಲ್ಲಿ ಸಮ ಸಂಖ್ಯೆಯ ವರ್ಷಗಳಲ್ಲಿ ಪ್ಯಾರಿಸ್ಸಿನ ಸಿಯಾಲ್, ಬೆಸ ಸಂಖ್ಯೆಯ ವರ್ಷಗಳಲ್ಲಿ ಜರ್ಮನಿಯ ಕಲೋನ್ ನಗರದ ಅನುಗಾ. ಇಂಥ ಮೇಳಗಳಲ್ಲಿ ಭಾರತದ ಮಂಟಪದೊಳಗೆ ಮೆಣಸು, ಏಲಕ್ಕಿ, ಜೀರಿಗೆ, ಅರಿಶಿನಗಳಿಗೆಂದೇ ಒಂದು ಮೂಲೆ ಮೀಸಲು. ಅದನ್ನು ನೋಡಿಕೊಳ್ಳುವುದು ಕೇಂದ್ರ ವಾಣಿಜ್ಯ ಸಚಿವಾಲಯದ ಕೆಳಗಿರುವ, ಕೊಚ್ಚಿಯಲ್ಲಿ ಪ್ರಧಾನ ಕಚೇರಿ ಇರುವ ಸಾಂಬಾರ ಮಂಡಳಿ. ಸ್ಪೈಸಸ್ ಬೋರ್ಡ್ ಎಂದರೆ ಎಲ್ಲರಿಗೂ ಗೊತ್ತು. ಅದೂ 1987ರಲ್ಲೇ ಹುಟ್ಟಿದ್ದು. ಮಂಡಳಿ ಜಾಗ ಹಿಡಿದು ರಫ್ತುದಾರರಿಗೆ ಮಳಿಗೆ ಹಂಚುತ್ತದೆ, ಗಾಜಿನ ಬಟ್ಟಲುಗಳಲ್ಲಿ ಮಾದರಿ ಇಡುತ್ತಾರೆ, ಬಿರಿಯಾನಿ ಘಮಘಮಿಸುತ್ತದೆ, ಮಂತ್ರಿಗಳು ಟೇಪು ಕತ್ತರಿಸುತ್ತಾರೆ. ಮೇಳ ಮುಗಿದ ಮೇಲೆ ಇಷ್ಟು ಕೋಟಿಯ ವಿಚಾರಣೆ ಬಂತು ಎಂಬ ಪ್ರಕಟಣೆ ಹೊರಬೀಳುತ್ತದೆ. ವಿಚಾರಣೆ ಬೇರೆ, ಖರೀದಿ ಬೇರೆ ಎಂಬುದು ಸಂತೆಗೆ ಹೋಗಿ ಬಂದ ಯಾರಿಗೂ ಹೇಳಿಕೊಡಬೇಕಾದ ಸಂಗತಿಯಲ್ಲ. ನಮ್ಮ ಮಸಾಲೆ ಪದಾರ್ಥಗಳಿಗೆ ಹೊರದೇಶದಲ್ಲಿ ಸಿಗುವ ಬೆಲೆ ತೀರ್ಮಾನವಾಗುವುದು ರೈತನ ಕಣದಲ್ಲಿ ಮತ್ತು ಪರೀಕ್ಷಾಲಯದಲ್ಲಿ; ಮಳಿಗೆಯಲ್ಲಿ ನಡೆಯುವುದು ಅದರ ಕೊನೆಯ ಅಂಕ ಮಾತ್ರ. ಪ್ರಚಾರದ ದುಡ್ಡೂ ಗಮನವೂ ಈ ಕೊನೆಯ ಅಂಕಕ್ಕೇ ಹೆಚ್ಚು ಹರಿಯುತ್ತಿವೆ ಎಂಬುದು ನನ್ನ ತಕರಾರು.

ಮಳಿಗೆಗೆ ಬರುವ ಗಟ್ಟಿ ಗಿರಾಕಿ ಹೇಗೆ ವ್ಯವಹರಿಸುತ್ತಾನೆ ಎಂದು ನೋಡಿದರೆ ಇದು ಅರ್ಥವಾಗುತ್ತದೆ. ಕಾಳುಮೆಣಸನ್ನೇ ತೆಗೆದುಕೊಳ್ಳಿ. ಆತ ಮೊದಲು ಕೇಳುವುದು ಲೀಟರ್ ತೂಕ. ಒಂದು ಲೀಟರ್ ಪಾತ್ರೆಗೆ ಕಾಳು ತುಂಬಿಸಿ ತೂಗಿದರೆ 550 ಗ್ರಾಂ ಬಂದರೆ ಒಂದು ದರ, 500 ಗ್ರಾಂ ಬಂದರೆ ಇನ್ನೊಂದು ದರ. ಅದಕ್ಕೂ ಕಡಿಮೆಯಾದರೆ ಜೊಳ್ಳು ಜಾಸ್ತಿ ಎಂದೇ ಅರ್ಥ. ಆಮೇಲೆ ಕಾಳಿನ ಗಾತ್ರ, ಯಾವ ಜರಡಿಯ ಮೇಲೆ ನಿಂತದ್ದು ಎಂಬ ಲೆಕ್ಕ. ದಪ್ಪ ಕಾಳನ್ನು ತಲಶೇರಿ ದರ್ಜೆಯೆಂದು ಬೇರೆಯಾಗಿ ಮಾರುವುದು ಈ ಜರಡಿಯ ಬಲದಿಂದಲೇ. ತೇವಾಂಶ ಎಷ್ಟು, ಹಬೆಯಲ್ಲಿ ಶುದ್ಧಿ ಮಾಡಿದ್ದೀರಾ, ಸಾಲ್ಮೊನೆಲ್ಲಾ ಪರೀಕ್ಷೆಯ ವರದಿ ಎಲ್ಲಿ, ಕೀಟನಾಶಕದ ಶೇಷ ಎಷ್ಟು, ಯಾವ ತೋಟದ ಸರಕು ಎಂದು ಹಿಂದಕ್ಕೆ ಹೋಗಿ ತೋರಿಸಬಲ್ಲಿರಾ? ಬೆಲೆಯ ಮಾತು ಬರುವುದು ಇಷ್ಟಾದ ಮೇಲೆ. ಈ ಪ್ರಶ್ನೆಗಳಲ್ಲಿ ಒಂದಕ್ಕೂ ಉತ್ತರ ಮಂಟಪದ ಅಲಂಕಾರದಲ್ಲಿ ಸಿಗುವುದಿಲ್ಲ. ಮಳಿಗೆಯಲ್ಲಿ ಕೂತವನ ಕೈಯಲ್ಲಿ ವರದಿ ಇರಬೇಕು, ವರದಿಯ ಹಿಂದೆ ಸರಕು ಇರಬೇಕು, ಸರಕಿನ ಹಿಂದೆ ಹೊತ್ತಿಗೆ ಸರಿಯಾಗಿ ಕೊಯ್ದು ನೆಲ ಮುಟ್ಟಿಸದೆ ಒಣಗಿಸಿದ ಬೆಳೆಗಾರ ಇರಬೇಕು.

ಇಷ್ಟೆಲ್ಲ ಗೊಣಗುವುದೇಕೆ, ರಫ್ತು ಏರುತ್ತಲೇ ಇದೆಯಲ್ಲ ಎನ್ನಬಹುದು. ಏರುತ್ತಿರುವುದು ನಿಜ. 2023-24ರಲ್ಲಿ 15.39 ಲಕ್ಷ ಟನ್ ಮಸಾಲೆ ಪದಾರ್ಥ ಸುಮಾರು 36,959 ಕೋಟಿ ರೂಪಾಯಿಗೆ ಹೊರಹೋಯಿತು. 2024-25ರಲ್ಲಿ 17.99 ಲಕ್ಷ ಟನ್, ಸುಮಾರು 39,994 ಕೋಟಿ. ಎರಡೂ ದಾಖಲೆಗಳೆಂದು ಪತ್ರಿಕೆಗಳು ಬರೆದವು. ಆದರೆ ಮೊತ್ತವನ್ನು ತೂಕದಿಂದ ಭಾಗಿಸಿ ನೋಡಿ. ಮೊದಲ ವರ್ಷ ಕಿಲೋಗೆ ಸರಾಸರಿ 240 ರೂಪಾಯಿ ಬಂದಿದ್ದರೆ ಮರುವರ್ಷ 222 ರೂಪಾಯಿ. ತೂಕ ಶೇ 17ರಷ್ಟು ಏರಿತು, ಹಣ ಏರಿದ್ದು ಶೇ 8ರಷ್ಟು. ಆ ವರ್ಷ ಮೆಣಸಿನಕಾಯಿ ಬೆಲೆ ಬಿದ್ದದ್ದು ಇದಕ್ಕೆ ದೊಡ್ಡ ಕಾರಣ, ಒಂದೇ ವರ್ಷದ ಲೆಕ್ಕದಿಂದ ಎಲ್ಲವನ್ನೂ ಅಳೆಯಲೂಬಾರದು. ಆದರೂ ಒಂದು ಮಾತು ಇದರಿಂದ ಹೊರಡುತ್ತದೆ. ನಮ್ಮ ರಫ್ತಿನ ದೊಡ್ಡ ಪಾಲು ಚೀಲ ತುಂಬಿ ಕಳಿಸುವ ಸರಕು. ಮೌಲ್ಯದಲ್ಲಿ ಎಲ್ಲಕ್ಕಿಂತ ಮುಂದಿರುವ ಒಣಮೆಣಸಿನಕಾಯಿಗೆ ಅತಿ ದೊಡ್ಡ ಗಿರಾಕಿ ಚೀನಾ. ಅಲ್ಲಿ ಬೆಳೆ ಚೆನ್ನಾಗಿ ಬಂದರೆ ಇಲ್ಲಿ ಗುಂಟೂರಿನಲ್ಲಿ, ಬ್ಯಾಡಗಿಯಲ್ಲಿ ಬೆಲೆ ನಡುಗುತ್ತದೆ. ಚೀಲದ ಸರಕಿಗೆ ಹೆಸರಿಲ್ಲ. ಹೆಸರಿಲ್ಲದ ಸರಕನ್ನು ಗಿರಾಕಿ ನಾಳೆ ಬೇರೆ ಕಡೆಯಿಂದಲೂ ತರಿಸಬಹುದು.

ಬ್ಯಾಡಗಿ ಮೆಣಸಿನಕಾಯಿಯ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ಖಾರ ಕಡಿಮೆ, ಬಣ್ಣ ಗಾಢ, ಮೈಯೆಲ್ಲ ಸುಕ್ಕು. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಡಬ್ಬಿ, ಕಡ್ಡಿ ಎಂದು ಎರಡು ಬಗೆ. ಇದರ ಬಣ್ಣವನ್ನು ದ್ರಾವಕದಲ್ಲಿ ಹಿಂಡಿ ತೆಗೆದರೆ ಓಲಿಯೋರೆಸಿನ್ ಎಂಬ ಗಟ್ಟಿ ಎಣ್ಣೆ ಸಿಗುತ್ತದೆ. ಸಾಸ್, ಸಂಸ್ಕರಿತ ಮಾಂಸ, ಕುರುಕಲು ತಿಂಡಿ, ತುಟಿಗೆ ಹಚ್ಚುವ ಬಣ್ಣ, ಎಲ್ಲಕ್ಕೂ ಅದು ಬೇಕು. ಈ ಉದ್ಯಮದಲ್ಲಿ ಭಾರತಕ್ಕೆ ಜಗತ್ತಿನಲ್ಲಿ ಮುಂಚೂಣಿಯ ಸ್ಥಾನವಿದೆ, ಅದರ ಕೇಂದ್ರ ಕೊಚ್ಚಿಯ ಸುತ್ತಮುತ್ತ. ಯುರೋಪಿನ ಅಂಗಡಿಯಲ್ಲಿ ಪೊಟ್ಟಣದ ಹಿಂಬದಿ ಓದಿದರೆ ಇಂಥ ಬಣ್ಣಕ್ಕೆ ಇ160ಸಿ ಎಂಬ ಸಂಕೇತ ಕಾಣುತ್ತದೆ. ಹಾವೇರಿ ಜಿಲ್ಲೆಯ ಹೊಲದ ಕೆಂಪು ಅಲ್ಲಿಗೆ ಮುಟ್ಟುವ ಹೊತ್ತಿಗೆ ಒಂದು ಅಕ್ಷರ, ಮೂರು ಅಂಕಿ, ಮತ್ತೊಂದು ಅಕ್ಷರವಾಗಿರುತ್ತದೆ. ಡಾರ್ಜಿಲಿಂಗ್ ಚಹಾ 2011ರಲ್ಲಿ, ಕಾಂಗ್ಡಾ ಚಹಾ 2023ರಲ್ಲಿ ಐರೋಪ್ಯ ಒಕ್ಕೂಟದಲ್ಲೇ ತಮ್ಮ ಹೆಸರಿಗೆ ಕಾನೂನಿನ ರಕ್ಷಣೆ ಗಿಟ್ಟಿಸಿಕೊಂಡವು. ಮಳಿಗೆಯಲ್ಲಿ ಬ್ಯಾಡಗಿಯ ದೊಡ್ಡ ಚಿತ್ರ ತೂಗುಹಾಕುವುದಕ್ಕಿಂತ ಈ ದಾರಿಯ ಕಾಗದಪತ್ರಕ್ಕೆ ಓಡಾಡುವುದು ಹೆಚ್ಚು ಲಾಭದ ಕೆಲಸ.

ಮಳಿಗೆಗಳು ವರ್ಷಗಟ್ಟಲೆ ಕಟ್ಟಿದ್ದನ್ನು ಒಂದು ಸರ್ಕಾರಿ ಸೂಚನೆ ಹೇಗೆ ಅಲುಗಾಡಿಸುತ್ತದೆ ಎಂಬುದಕ್ಕೆ 2024ರ ಏಪ್ರಿಲ್ ಸಾಕ್ಷಿ. ಹಾಂಗ್‌ಕಾಂಗ್‌ನ ಆಹಾರ ಸುರಕ್ಷತಾ ಕೇಂದ್ರವು ಎಂಡಿಎಚ್‌ನ ಮೂರು ಮತ್ತು ಎವರೆಸ್ಟ್‌ನ ಒಂದು ಮಸಾಲೆ ಪುಡಿಯಲ್ಲಿ ಎಥಿಲಿನ್ ಆಕ್ಸೈಡ್ ಇದೆಯೆಂದು ಪ್ರಕಟಿಸಿತು. ಸಿಂಗಪುರ ಒಂದು ಉತ್ಪನ್ನವನ್ನು ವಾಪಸು ಪಡೆಯಲು ಹೇಳಿತು, ನೇಪಾಳ ಆಮದನ್ನೇ ತಡೆಯಿತು. ತಮ್ಮ ಪದಾರ್ಥ ಸುರಕ್ಷಿತವೆಂದು ಕಂಪನಿಗಳು ಹೇಳಿದವು. ಸಾಂಬಾರ ಮಂಡಳಿಯು ಹಾಂಗ್‌ಕಾಂಗ್, ಸಿಂಗಪುರಗಳಿಗೆ ಹೋಗುವ ಸರಕಿಗೆ ಪರೀಕ್ಷೆ ಕಡ್ಡಾಯ ಮಾಡಿದ್ದು ಮೇ ತಿಂಗಳಲ್ಲಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಈ ಚಾಳಿ ಹೊಸದಲ್ಲ. 2003ರಲ್ಲಿ ಭಾರತದ ಮೆಣಸಿನಪುಡಿಯಲ್ಲಿ ಸುಡಾನ್ ಎಂಬ ಕೈಗಾರಿಕಾ ಬಣ್ಣ ಫ್ರಾನ್ಸಿನಲ್ಲಿ ಸಿಕ್ಕಿಬಿತ್ತು. 2005ರ ಫೆಬ್ರುವರಿಯಲ್ಲಿ ಅದೇ ಬಣ್ಣದ ಪುಡಿ ಸೇರಿದ್ದ ಒಂದು ಸಾಸಿನ ದೆಸೆಯಿಂದ ಬ್ರಿಟನ್ನಿನ ಅಂಗಡಿಗಳಿಂದ ನೂರಾರು ಬಗೆಯ ತಿನಿಸುಗಳನ್ನು ಹಿಂತೆಗೆಯಬೇಕಾಯಿತು. ಕಡ್ಡಾಯ ಪರೀಕ್ಷೆ ಬಂದದ್ದು ಆಗಲೂ ಪೆಟ್ಟು ಬಿದ್ದ ನಂತರವೇ.

ಎಥಿಲಿನ್ ಆಕ್ಸೈಡನ್ನು ಯಾರೂ ಕಲಬೆರಕೆಗೆಂದು ಬಳಸುವುದಿಲ್ಲ. ಅದು ಅನಿಲ, ರೋಗಾಣು ಕೊಲ್ಲಲು ಹಾಯಿಸುವುದು. 2007ರಿಂದ 2009ರವರೆಗೆ ಅಮೆರಿಕದ ಬಂದರುಗಳಲ್ಲಿ ತಪಾಸಣೆಗೆ ಒಳಗಾದ ಮಸಾಲೆಗಳಲ್ಲಿ ಸುಮಾರು ಶೇ 7ರಷ್ಟರಲ್ಲಿ ಸಾಲ್ಮೊನೆಲ್ಲಾ ಇತ್ತೆಂದೂ, ಆಮದಾಗುವ ಉಳಿದ ಆಹಾರಕ್ಕಿಂತ ಇದು ಸುಮಾರು ಇಮ್ಮಡಿಯೆಂದೂ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ಹೇಳಿತ್ತು. ನೆಲದ ಮೇಲೆ, ಹಕ್ಕಿ, ನಾಯಿ, ಇಲಿ ಓಡಾಡುವ ಜಾಗದಲ್ಲಿ ಒಣಗಿಸಿದರೆ ಈ ರೋಗಾಣು ಬರುತ್ತದೆ, ಬಂದದ್ದನ್ನು ಕೊಲ್ಲಲು ಅನಿಲ ಬೇಕಾಗುತ್ತದೆ, ಅನಿಲದ ಶೇಷ ಉಳಿದರೆ ಸರಕು ವಾಪಸು. ಕಣದಲ್ಲಿ ಆದ ಅಚಾತುರ್ಯಕ್ಕೆ ಬಂದರಿನಲ್ಲಿ ದಂಡ ಕಟ್ಟುತ್ತಿದ್ದೇವೆ. ಹಬೆಯ ಶುದ್ಧೀಕರಣ ಇದಕ್ಕೊಂದು ಪರ್ಯಾಯ, ಆದರೆ ಯಂತ್ರ ದುಬಾರಿ; ಹಬೆ ಹದ ತಪ್ಪಿದರೆ ಬಣ್ಣವೂ ಪರಿಮಳವೂ ಹೋಗುತ್ತವೆ. ವಿಕಿರಣದಿಂದ ಶುದ್ಧಿ ಮಾಡುವ ಘಟಕ ನಮ್ಮ ಮಾಲೂರಿನಲ್ಲೇ ಇದೆ, ಆದರೆ ಆ ಪದ ಕೇಳಿದರೇ ಹಿಂದೆ ಸರಿಯುವ ಗಿರಾಕಿಗಳೂ ಇದ್ದಾರೆ.

ಇಲ್ಲಿ ರಫ್ತುದಾರರ ಪ್ರಬಲ ಆಕ್ಷೇಪವೊಂದಿದೆ. ಇದೇ ಎಥಿಲಿನ್ ಆಕ್ಸೈಡ್ ಅಮೆರಿಕದಲ್ಲಿ ಒಂದು ಕಿಲೋ ಮಸಾಲೆಗೆ 7 ಮಿಲಿಗ್ರಾಂವರೆಗೆ ಸಮ್ಮತ, ಐರೋಪ್ಯ ಒಕ್ಕೂಟದಲ್ಲಿ 0.1 ಮಿಲಿಗ್ರಾಂ ಮೀರಿದರೆ ತಿರಸ್ಕಾರ. ಎಪ್ಪತ್ತು ಪಟ್ಟು ಅಂತರ. ಮನುಷ್ಯನ ಹೊಟ್ಟೆ ಎರಡು ಕಡೆಯೂ ಒಂದೇ ತಾನೆ? ಹಾಗಾದರೆ ಇದು ಆರೋಗ್ಯದ ಹೆಸರಿನಲ್ಲಿ ಕಟ್ಟಿದ ಸುಂಕದ ಗೋಡೆಯಲ್ಲವೇ ಎಂದು ಅವರು ಕೇಳುತ್ತಾರೆ. ಪ್ರಶ್ನೆಯಲ್ಲಿ ಹುರುಳಿದೆ. ಇಂಥ ವ್ಯತ್ಯಾಸಗಳನ್ನು ಅಂತರರಾಷ್ಟ್ರೀಯ ಆಹಾರ ಮಾನದಂಡ ರೂಪಿಸುವ ಕೋಡೆಕ್ಸ್, ವಿಶ್ವ ವ್ಯಾಪಾರ ಸಂಸ್ಥೆಗಳಂಥ ವೇದಿಕೆಗಳಲ್ಲಿ ಭಾರತ ಗಟ್ಟಿಯಾಗಿ ಎತ್ತಲೇಬೇಕು. ಆದರೆ ಆ ವಾದ ಗೆಲ್ಲಲು ವರ್ಷಗಳು ಬೇಕು, ಸರಕು ಹೊತ್ತ ಹಡಗು ಹೊರಡುವುದು ಈ ವಾರ. ಕೊಳ್ಳುವವನ ಮನೆಯ ಕಟ್ಟಳೆ ನ್ಯಾಯವೋ ಅನ್ಯಾಯವೋ, ಅವನಿಗೆ ಮಾರಬೇಕಾದರೆ ಪಾಲಿಸಲೇಬೇಕು. ಇನ್ನೊಂದು ಮಾತು: ಮೆಣಸಿನಕಾಯಿಯ ಬೂಷ್ಟು ಹುಟ್ಟಿಸುವ ಅಫ್ಲಟಾಕ್ಸಿನ್ ಯಕೃತ್ತಿಗೆ ವಿಷ ಎಂಬುದರಲ್ಲಿ ಯಾವ ದೇಶಕ್ಕೂ ಅನುಮಾನವಿಲ್ಲ. ಅದನ್ನು ತಡೆಯುವುದರಿಂದ ಹೊರದೇಶದವರಿಗಿಂತ ಮೊದಲು ಉಳಿಯುವುದು ನಮ್ಮವರ ಆರೋಗ್ಯ. ಬೆಳೆದ ಮಸಾಲೆಯ ಬಹುಪಾಲು ತಿನ್ನುವವರು ನಾವೇ ಅಲ್ಲವೇ?

ಪೈಪೋಟಿಗೆ ನಿಂತವರು ಏನು ಮಾಡಿದರು ಎಂಬುದನ್ನೂ ನೋಡಬೇಕು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದಿದ್ದರು. ನಮ್ಮ ಮಳಿಗೆಗಳ ಗೋಡೆಗೆ ಇಂಥ ಚರಿತ್ರೆಯ ಚಿತ್ರಗಳೆಂದರೆ ಬಲು ಪ್ರೀತಿ. ಇಂದಿನ ಮೆಣಸಿನ ದೊರೆ ಮಾತ್ರ ವಿಯೆಟ್ನಾಂ. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಮೆಣಸಿಗೆ ಕೈಹಾಕಿದ ಆ ದೇಶ ವರ್ಷಕ್ಕೆ ಎರಡು ಲಕ್ಷ ಟನ್ನಿಗೂ ಹೆಚ್ಚು ಹೊರಗೆ ಮಾರುತ್ತದೆ. ನಾವು ಮಾರುವುದು ಇಪ್ಪತ್ತು ಸಾವಿರ ಟನ್ನಿನ ಆಸುಪಾಸು. ಏಲಕ್ಕಿಯ ಊರೇ ನಮ್ಮ ಪಶ್ಚಿಮ ಘಟ್ಟ, ಆದರೆ ಅರಬರ ಕಾಫಿಗೆ ಬೀಳುವ ಏಲಕ್ಕಿಯಲ್ಲಿ ಬಹುಪಾಲು ಗ್ವಾಟೆಮಾಲಾದಿಂದ ಬರುತ್ತದೆ. ಅಲ್ಲಿಗೆ ಈ ಗಿಡ ಹೋದದ್ದು ಇಪ್ಪತ್ತನೆಯ ಶತಮಾನದಲ್ಲಿ. ಈ ಎರಡು ದೇಶಗಳೂ ಮೇಳಗಳಿಗೆ ಬರುತ್ತವೆ, ಇಲ್ಲವೆನ್ನುವುದಿಲ್ಲ. ಆದರೆ ಅವು ಗೆದ್ದದ್ದು ಎಕರೆವಾರು ಇಳುವರಿಯಿಂದ, ಕಡಿಮೆ ದರದಿಂದ, ಕೇಳಿದಾಗ ಕೇಳಿದಷ್ಟು ಕೊಡುವ ಶಿಸ್ತಿನಿಂದ. ನಮ್ಮ ಮೆಣಸಿಗೆ ಒಳನಾಡಿನಲ್ಲೇ ಒಳ್ಳೆಯ ಬೆಲೆಯಿದೆ, ಅಗ್ಗದ ಮೆಣಸು ಒಳಗೆ ನುಗ್ಗದಿರಲೆಂದು 2017ರ ಡಿಸೆಂಬರ್‌ನಿಂದ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆಯೂ ಇದೆ. ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರಿಗೆ ಅದರಿಂದ ಆಸರೆಯಾಗಿದೆ. ದರದಲ್ಲಿ ವಿಯೆಟ್ನಾಮನ್ನು ಮಣಿಸಲಾರೆವು ಎಂದಾದ ಮೇಲೆ ಗುಣ ಮತ್ತು ನಂಬಿಕೆಯಲ್ಲಿ ಮಾತ್ರ ಮಣಿಸಬಹುದು.

ಹಾಗಾದರೆ ಮೇಳಗಳಿಗೆ ಹೋಗುವುದೇ ಬೇಡವೇ? ಖಂಡಿತ ಹೋಗಬೇಕು. ದೊಡ್ಡ ಕಂಪನಿಗೆ ಗಿರಾಕಿ ತಾನೇ ಬರುತ್ತಾನೆ. ಶಿರಸಿಯ ಸಹಕಾರಿ ಸಂಘವೋ ಮಡಿಕೇರಿಯ ಸಣ್ಣ ರಫ್ತುದಾರನೋ ಯುರೋಪಿನ ಖರೀದಿದಾರನ ಎದುರು ಕೂರಲು ಇಂಥ ಮಂಟಪ ಬಿಟ್ಟರೆ ಬೇರೆ ಅವಕಾಶ ಕಡಿಮೆ. ಮುಖ ನೋಡಿ ಹುಟ್ಟುವ ವಿಶ್ವಾಸಕ್ಕೆ ಈಗಲೂ ಬೆಲೆಯಿದೆ. ಅಲ್ಲಿಗೆ ಹೋದವನು ಹಿಡಿದು ಹೋಗುವುದೇನು ಎಂಬುದಷ್ಟೇ ನನ್ನ ಪ್ರಶ್ನೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಇಂದಿಗೂ ರೈತನ ಚೀಲಕ್ಕೆ ದರ ಬರೆಯುವುದು ಹೆಚ್ಚಾಗಿ ಕಣ್ಣಂದಾಜು ಮತ್ತು ಮುಷ್ಟಿಯ ಅಂದಾಜಿನಿಂದ: ಬಣ್ಣ ನೋಡಿ, ಹಿಡಿದು ತೇವ ನೋಡಿ. ರಾತ್ರಿಯ ಇಬ್ಬನಿಗೆ ತಾಡಪಾಲು ಹೊದಿಸಿ, ನೆಲಕ್ಕೆ ತಾಗದಂತೆ ಒಣಗಿಸಿ, ಬೂಷ್ಟು ಹಿಡಿದ ಕಾಯಿ ಆರಿಸಿ ತೆಗೆದವನಿಗೂ ಹಸಿ ಕಾಯಿ ತುಂಬಿ ತಂದವನಿಗೂ ಕ್ವಿಂಟಲ್‌ಗೆ ಎಷ್ಟು ಅಂತರ ಎಂದು ಕೇಳಿದರೆ ಒಣಗಿಸಿದವನ ಶ್ರಮಕ್ಕೆ ತಕ್ಕ ಉತ್ತರ ಸಿಗುವುದಿಲ್ಲ. ಒಣಗಿದಷ್ಟೂ ತೂಕ ಕಳೆದುಕೊಳ್ಳುವವನು ಅವನೇ. 2024ರ ಮಾರ್ಚ್‌ನಲ್ಲಿ ದರ ದಿಢೀರನೆ ಕುಸಿಯಿತೆಂದು ರೊಚ್ಚಿಗೆದ್ದ ರೈತರು ಇದೇ ಬ್ಯಾಡಗಿಯ ಎಪಿಎಂಸಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಇಟ್ಟದ್ದನ್ನು ನಾಡು ನೋಡಿದೆ. ಹಿಂಸೆಯನ್ನು ಒಪ್ಪಬೇಕಿಲ್ಲ, ಆದರೆ ದರ ಹೇಗೆ ನಿರ್ಧಾರವಾಗುತ್ತದೆಂದೇ ತಿಳಿಯದ ವ್ಯವಸ್ಥೆಯಿಂದ ಗುಣಮಟ್ಟದ ಸರಕು ಬರಲಿ ಎಂದು ಬಯಸುವುದು ದುರಾಸೆ.

ಆದ್ದರಿಂದ ಸಾಂಬಾರ ಮಂಡಳಿಗೂ ರಾಜ್ಯ ಸರ್ಕಾರಕ್ಕೂ ಎರಡು ಬೇಡಿಕೆ ಇಡಬೇಕು. ದೊಡ್ಡ ಎಪಿಎಂಸಿಗಳಲ್ಲಿ, ಬ್ಯಾಡಗಿಯಿಂದಲೇ ಆರಂಭಿಸಿ, ಚೀಲ ಹರಾಜಿಗೆ ಬರುವ ಮೊದಲೇ ತೇವಾಂಶ, ಬಣ್ಣ ಮತ್ತು ಅಫ್ಲಟಾಕ್ಸಿನ್ ಅಳೆದು ಚೀಟಿ ಅಂಟಿಸಲಿ. ದರ ಆ ಚೀಟಿಯ ಮೇಲೆ ನಿಲ್ಲಲಿ. ಪ್ರತಿ ವಿದೇಶಿ ಮೇಳ ಮುಗಿದ ಒಂದು ವರ್ಷಕ್ಕೆ ಮಂಡಳಿ ಒಂದು ಪುಟದ ಲೆಕ್ಕ ಹೊರತರಲಿ: ಬಂದ ವಿಚಾರಣೆಗಳಲ್ಲಿ ಖರೀದಿಯಾದದ್ದೆಷ್ಟು, ಹೋದ ಸರಕಿನಲ್ಲಿ ವಾಪಸು ಬಂದದ್ದೆಷ್ಟು, ಏಕೆ ಬಂತು. ಐರೋಪ್ಯ ಒಕ್ಕೂಟವು ತಿರಸ್ಕರಿಸಿದ ಸರಕಿನ ಪಟ್ಟಿಯನ್ನು ಯಾರು ಬೇಕಾದರೂ ನೋಡುವಂತೆ ಇಟ್ಟಿದೆ. ನಮ್ಮ ಗಿರಾಕಿ ಅದನ್ನು ಓದಿಕೊಂಡೇ ಮಳಿಗೆಗೆ ಬರುತ್ತಾನೆ.