ಪರಸ್ಥಳದಲ್ಲಿ ಒಳ್ಳೆಯ ಊಟದ ಮನೆಯನ್ನು ಗುರುತಿಸುವ ಬಗೆ

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವನಿಗೆ ಕೆಲಸವೊಂದು ದೊರೆತು, ತಲೆಯ ಮೇಲೊಂದು ಸೂರು ಸಿಕ್ಕ ಮೇಲೆ ಎದುರಾಗುವ ಪ್ರಶ್ನೆ ಊಟದ್ದು. ನಾಲ್ಕಾರು ಜನ ಕೂಡಿ ಒಂದು ಖೋಲಿ ಹಿಡಿದು ಬಾಳುವ ನಮ್ಮವರು ವಿಠ್ಠಲವಾಡಿಯಲ್ಲಿಯೂ ಕಲ್ಯಾಣದ ಸುತ್ತಮುತ್ತಲೂ ಬೇಕಾದಷ್ಟು ಮಂದಿ ಇದ್ದಾರೆ. ಬೆಳಗಿನ ಗಾಡಿಗೆ ಓಡುವ ಗುಮಾಸ್ತನಿಗಾಗಲಿ, ರಾತ್ರಿಯ ಪಾಳಿ ಮುಗಿಸಿ ಬರುವ ಕಾರ್ಮಿಕನಿಗಾಗಲಿ ಒಲೆ ಹಚ್ಚುವಷ್ಟು ಪುರಸತ್ತು ಇರುವುದಿಲ್ಲ. ಆದಕಾರಣ ಹೋಟೆಲು, ಇಲ್ಲವೇ ಖಾನಾವಳಿಯೇ ಅವರಿಗೆ ಅಡುಗೆಮನೆ.

ಇದು ಬರಿಯ ರುಚಿಯ ಮಾತಲ್ಲ. ದಿನಕ್ಕೆ 20 ರೂಪಾಯಿ ಅನಾವಶ್ಯಕವಾಗಿ ಹೆಚ್ಚು ಹೋದರೆ ತಿಂಗಳಿಗೆ 600 ರೂಪಾಯಿ, ವರ್ಷಕ್ಕೆ 7,300 ರೂಪಾಯಿ ಆಯಿತು. ಅದು ಊರಿನಲ್ಲಿ ತಂದೆತಾಯಿಗಳಿಗೆ ಮುಟ್ಟಬೇಕಾದ ಹಣ. ಇನ್ನು ಕೆಟ್ಟ ನೀರು, ಕೆಟ್ಟ ಅನ್ನದಿಂದ ವಿಷಮಶೀತ ಜ್ವರವೋ ಕಾಮಾಲೆಯೋ ಅಂಟಿಕೊಂಡರೆ ದಿನಗೂಲಿಯವನ ಸಂಬಳ ವಾರಗಟ್ಟಲೆ ನಿಂತುಹೋಗುತ್ತದೆ. ಹತ್ತಿರ ಕುಳಿತು ಗಂಜಿ ಕಾಯಿಸಿ ಕೊಡುವವರೂ ಇರುವುದಿಲ್ಲ. ಆದ್ದರಿಂದ ಒಳ್ಳೆಯ ಊಟದ ಮನೆಯನ್ನು ಹುಡುಕಿಕೊಳ್ಳುವ ವಿದ್ಯೆಯನ್ನು ಪ್ರತಿಯೊಬ್ಬನೂ ಕಲಿಯಲೇಬೇಕು.

ಒಳ್ಳೆಯದು ಎಂದರೆ ಏನು?

ವರ್ಷಕ್ಕೊಮ್ಮೆ ಹೆಂಡತಿ ಮಕ್ಕಳೊಡನೆ ಹೋಗುವ ಹೋಟೆಲಿನ ಮಾತು ಬೇರೆ. ಅಲ್ಲಿ ಮೇಜು ಕುರ್ಚಿ, ತಂಪು ಹವೆ, ನಾಲ್ಕು ಬಗೆಯ ಸಿಹಿ ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ. ದಿನಕ್ಕೆ ಎರಡು ಸಲದಂತೆ ವರ್ಷವಿಡೀ ಉಣ್ಣುವವನಿಗೆ ಬೇಕಾದುದು ಅದಲ್ಲ. ಉಂಡ ಮೇಲೆ ಹೊಟ್ಟೆ ಭಾರವಾಗಬಾರದು, ಎದೆ ಉರಿಯಬಾರದು, ಜೇಬು ಬರಿದಾಗಬಾರದು, ನಾಳೆ ಪುನಃ ಅಲ್ಲಿಗೇ ಹೋಗಲು ಮನಸ್ಸು ಹಿಂಜರಿಯಬಾರದು. ದಿನವೂ ಉಣ್ಣುವವನಿಗೆ ಒಳ್ಳೆಯ ಹೋಟೆಲನ್ನು ತೋರಿಸಿಕೊಡಬಲ್ಲವನು ಮತ್ತೊಬ್ಬ ದಿನವೂ ಉಣ್ಣುವವನೇ. ಈ ಒಂದು ಮಾತನ್ನು ಹಿಡಿದುಕೊಂಡರೆ ಅರ್ಧ ಕೆಲಸ ಆದಂತೆಯೇ.

ಈಗ ಎಲ್ಲರ ಕೈಯಲ್ಲಿಯೂ ಫೋನಿದೆ. ಅದರಲ್ಲಿ ಹೋಟೆಲಿನ ಹೆಸರಿನ ಮುಂದೆ ನಕ್ಷತ್ರಗಳು ಕಾಣುತ್ತವೆ. ದಾರಿ ತಿಳಿಯಲು, ದರದ ಪಟ್ಟಿಯ ಚಿತ್ರ ನೋಡಲು ಅದು ಉಪಯುಕ್ತವೇ ಸರಿ. ಆದರೆ ನಕ್ಷತ್ರ ಕೊಡುವವರಲ್ಲಿ ಹಲವರು ಒಂದು ಸಂಜೆ ಬಂದು ಹೋದವರು. ಆರು ತಿಂಗಳು ಅಲ್ಲಿಯೇ ಉಂಡವನ ಹೊಟ್ಟೆಯ ಸಾಕ್ಷ್ಯ ಅದರಲ್ಲಿ ದೊರೆಯುವುದು ಅಪರೂಪ. ಆ ಸಾಕ್ಷ್ಯ ಬೇಕಿದ್ದರೆ ರಿಕ್ಷಾ ನಿಲ್ದಾಣದವರನ್ನು, ಎಸ್.ಟಿ. ಡಿಪೋದ ಚಾಲಕ ನಿರ್ವಾಹಕರನ್ನು, ಬ್ಯಾಂಕಿನ ಜವಾನನನ್ನು, ಔಷಧದ ಅಂಗಡಿಯ ಹುಡುಗನನ್ನು ಕೇಳಬೇಕು. ಇಲ್ಲಿ ಯಾವ ಹೋಟೆಲು ಚೆನ್ನಾಗಿದೆ ಎಂದು ಕೇಳಬಾರದು. ನೀವು ಮಧ್ಯಾಹ್ನ ಎಲ್ಲಿ ಉಣ್ಣುತ್ತೀರಿ ಎಂದು ಕೇಳಬೇಕು. ಮೊದಲನೆಯ ಪ್ರಶ್ನೆಗೆ ಜನರು ಹೆಸರಾದ ಸ್ಥಳವನ್ನು ಹೇಳುತ್ತಾರೆ. ಎರಡನೆಯದಕ್ಕೆ ನಿಜವನ್ನು ಹೇಳುತ್ತಾರೆ.

ಠಾಣೆಯ ಮಾಮಲೇದಾರ ಮಿಸಳದ ಕಥೆ ಇದಕ್ಕೆ ತಕ್ಕ ದೃಷ್ಟಾಂತ. 1946ರಲ್ಲಿ ಮುರ್ಡೇಶ್ವರ ಮನೆತನದವರು ತಹಸೀಲ ಕಚೇರಿಯ ಆವರಣದಲ್ಲಿ ಆರಂಭಿಸಿದ ಚಿಕ್ಕ ಉಪಾಹಾರ ಗೃಹ ಅದು. ಮನೆತನದ ಹೆಸರೇ ನಮ್ಮ ಉತ್ತರ ಕನ್ನಡದ ಕಡಲ ಕರೆಯನ್ನು ನೆನಪಿಗೆ ತರುತ್ತದೆ. ಕಚೇರಿಯ ಗುಮಾಸ್ತರು, ಕೆಲಸಕ್ಕೆಂದು ಬಂದು ಕಾಯುವ ರೈತರು ಅದರ ಬಾಗಿಲಲ್ಲಿಯೇ ಇದ್ದ ಗಿರಾಕಿಗಳು. ಇಂದು ಅದರ ಖಾರ ಮುಂಬಯಿಯವರೆಗೂ ಹೆಸರಾಗಿದೆ. ಕಲ್ಯಾಣದ ಖಿಡಕಿ ವಡೆಗೂ ಆ ಹೆಸರು ಬಂದದ್ದು ಮನೆಯ ಕಿಟಕಿಯಿಂದಲೇ ಮಾರುತ್ತಿದ್ದುದರಿಂದ. ಕಚೇರಿ, ನ್ಯಾಯಾಲಯ, ಡಿಪೋ, ಮಾರುಕಟ್ಟೆ ಇವುಗಳ ಮಗ್ಗುಲಲ್ಲಿ ಬಹುಕಾಲ ಬಾಳಿದ ಸಣ್ಣ ಹೋಟೆಲನ್ನು ಮೊದಲು ನೋಡಬೇಕು. ದಿನವೂ ಬರುವ ಗಿರಾಕಿಗೆ ಮೋಸಮಾಡಿ ಇಪ್ಪತ್ತು ವರ್ಷ ಅಂಗಡಿ ನಡೆಸಲಾಗದು.

ನಮ್ಮ ಸೀಮೆಯಲ್ಲಿ ದೊರೆಯುವ ಊಟಗಳು

ಮೊದಲನೆಯದು ಉಡುಪಿ ಹೋಟೆಲು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ದಕ್ಷಿಣ ಕನ್ನಡದಿಂದ ಬಂದವರು ಮುಂಬಯಿಯಲ್ಲಿ ಇವನ್ನು ಬೆಳೆಸಿದರು. 1942ರಲ್ಲಿ ಎ. ರಾಮ ನಾಯಕರು ಮಾಟುಂಗದಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಬಾಳೆಲೆಯ ಊಟಕ್ಕೆ ಹೆಸರಾಯಿತು. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಇರುಳು ಕನ್ನಡದ ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದ ಹುಡುಗರೆಷ್ಟೋ ಮಂದಿ. ಆದರೆ ಈಗ ಉಡುಪಿ ಎಂಬ ಹಲಗೆಯೊಂದೇ ಸಾಕ್ಷಿಯಾಗದು. ಅದೇ ಅಡುಗೆಮನೆಯಲ್ಲಿ ಪಾವ್ ಭಾಜಿ, ಪಂಜಾಬಿ, ಚೈನೀಸ್ ಎಲ್ಲವೂ ನಡೆಯುತ್ತದೆ. ಪರೀಕ್ಷೆಗೆ ಮಸಾಲೆ ದೋಸೆ ಬೇಡ, ಬರಿಯ ಇಡ್ಲಿಯನ್ನೇ ಕೇಳಬೇಕು. ಹಿಟ್ಟು ಹುಳಿಯೇರಿದ್ದರೆ ಮಸಾಲೆ ಅದನ್ನು ಮುಚ್ಚೀತು, ಇಡ್ಲಿ ಮುಚ್ಚಲಾರದು. ತೆಂಗಿನಕಾಯಿಯ ಚಟ್ನಿ ಬೆಳಗ್ಗೆ ಒಂದು ರುಚಿ, ಸಂಜೆ ಬೇರೊಂದು ಬಗೆಯ ಹುಳಿ ರುಚಿ ಇದ್ದರೆ, ಬೆಳಗಿನದನ್ನೇ ಸಂಜೆಯವರೆಗೆ ಓಡಿಸುತ್ತಾರೆಂದು ತಿಳಿಯಬೇಕು. ಮಧ್ಯಾಹ್ನದ ರೈಸ್ ಪ್ಲೇಟಿನಲ್ಲಿ ಮೊದಲು ಮುಟ್ಟಬೇಕಾದದ್ದು ಬರಿಯ ಅನ್ನ ಮತ್ತು ತೊವ್ವೆ. ಇವೆರಡು ಸರಿಯಾಗಿದ್ದರೆ ಮಿಕ್ಕದ್ದು ತಾನಾಗಿ ಸರಿಯಿರುತ್ತದೆ.

ಎರಡನೆಯದು ಖಾನಾವಳಿ. ಧಾರವಾಡ, ವಿಜಯಪುರದವರಿಗೆ ಈ ಶಬ್ದ ಹೊಸದೇನಲ್ಲ. ಮರಾಠಿಯಲ್ಲಿ ಖಾನಾವಳ ಎನ್ನುತ್ತಾರೆ. ಮುಂಬಯಿಯ ಗಿರಣಿಗಳು ಭರದಿಂದ ನಡೆಯುತ್ತಿದ್ದ ಕಾಲದಲ್ಲಿ ಒಂಟಿ ಕಾರ್ಮಿಕರಿಗೆ ಅನ್ನ ಹಾಕಿದವರು ಚಾಳಿನ ಖೋಲಿಗಳಲ್ಲಿ ಅಡುಗೆ ಮಾಡಿದ ಹೆಣ್ಣುಮಕ್ಕಳು. 1975ರಲ್ಲಿ ಪ್ರೇಮಾ ಪುರವ ಅವರು ಅನ್ನಪೂರ್ಣ ಮಹಿಳಾ ಮಂಡಳವನ್ನು ಸ್ಥಾಪಿಸಿ ಇಂಥ ಮಹಿಳೆಯರಿಗೆ ಬ್ಯಾಂಕಿನ ಸಾಲ ದೊರಕಿಸಿಕೊಟ್ಟರು. ಈಗ ಕಲ್ಯಾಣ, ಡೊಂಬಿವಲಿಗಳಲ್ಲಿ ಕಾಣುವ ಪೋಳಿ-ಭಾಜಿ ಕೇಂದ್ರಗಳೂ ಇದೇ ಜಾತಿಯವು. ಚಪಾತಿ, ಪಲ್ಯ ಕಟ್ಟಿಸಿಕೊಂಡು ಹೋಗಿ ಖೋಲಿಯಲ್ಲಿ ಅನ್ನವೊಂದನ್ನು ಮಾಡಿಕೊಂಡರೆ ಕಡಿಮೆ ಖರ್ಚಿನಲ್ಲಿ ಮನೆಯೂಟವೇ ಆಯಿತು. ಕಲಬುರಗಿ, ಯಾದಗಿರಿಯ ಬಂಧುಗಳು ಜೋಳದ ರೊಟ್ಟಿಗೆ ಹಂಬಲಿಸಬೇಕಾಗಿಲ್ಲ. ಜ್ವಾರೀಚೀ ಭಾಕರಿ ಮಿಳೇಲ ಕಾ ಎಂದು ಕೇಳಿದರಾಯಿತು. ಅಕ್ಕಿ ರೊಟ್ಟಿ ಬೇಕಾದವರು ತಾಂದಳಾಚೀ ಭಾಕರಿ ಎನ್ನಬೇಕು.

ಮೂರನೆಯದು ಉಲ್ಲಾಸನಗರದ ಸಿಂಧಿ ಆಹಾರ. ವಿಠ್ಠಲವಾಡಿಯ ಮುಂದಿನ ನಿಲ್ದಾಣವೇ ಉಲ್ಲಾಸನಗರವಾದರೂ ನಮ್ಮವರಲ್ಲಿ ಅನೇಕರು ಅಲ್ಲಿಯ ತಿಂಡಿಯನ್ನು ಮುಟ್ಟಿಯೂ ನೋಡಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕರಿಗಾಗಿ ಕಟ್ಟಿದ್ದ ಶಿಬಿರಗಳಲ್ಲಿ, 1947ರ ದೇಶವಿಭಜನೆಯ ಬಳಿಕ, ಸಿಂಧದಿಂದ ಬಂದ ನಿರಾಶ್ರಿತರಿಗೆ ನೆಲೆ ಕೊಡಲಾಯಿತು. 1949ರಲ್ಲಿ ಆ ಊರಿಗೆ ಉಲ್ಲಾಸನಗರವೆಂಬ ಹೆಸರು ಬಂತು. ಕ್ಯಾಂಪು ಎಂಬ ಮಾತು ಇಂದಿಗೂ ಉಳಿದಿರುವುದು ಆ ಕಾರಣದಿಂದ. ಅವರ ಬೆಳಗಿನ ತಿಂಡಿ ದಾಲ್ ಪಕವಾನ, ಅಂದರೆ ಗರಿಗರಿಯಾಗಿ ಕರಿದ ಪೂರಿಯಂಥದರೊಡನೆ ಕಡಲೆಬೇಳೆಯ ತೊವ್ವೆ. ಈರುಳ್ಳಿ, ಹಸಿಮೆಣಸು ಕಲಸಿದ ಗೋಧಿ ಹಿಟ್ಟಿನಿಂದ ದಪ್ಪಗೆ ಲಟ್ಟಿಸಿ ಬೇಯಿಸಿದ ಕೋಕಿ ನಮ್ಮ ಥಾಲಿಪೆಟ್ಟಿನ ನಂಟಿನದು. ರೈಲು ಪ್ರಯಾಣಕ್ಕೆ ಕಟ್ಟಿಕೊಳ್ಳಲು ಬಲು ಅನುಕೂಲ. ನಮ್ಮಂತೆಯೇ ಊರು ಬಿಟ್ಟು ಬಂದವರ ಅಡುಗೆಯನ್ನು ಒಮ್ಮೆ ತಿಂದು ನೋಡುವುದು ನೆರೆಹೊರೆಯ ಪರಿಚಯಕ್ಕೂ ದಾರಿಯಾದೀತು.

ಕಣ್ಣಿನಿಂದ ಮಾಡುವ ಪರೀಕ್ಷೆ

ಹೋಟೆಲಿಗೆ ಮೊದಲ ಸಲ ಹೋಗುವಾಗ ಜನ ನೆರೆದಿರುವ ವೇಳೆಯಲ್ಲಿಯೇ ಹೋಗಬೇಕು. ಗಿರಾಕಿಗಳು ಹೆಚ್ಚಿದ್ದಲ್ಲಿ ಮಾಡಿದ ಅಡುಗೆ ಬೇಗ ಖರ್ಚಾಗಿ ಹೊಸದು ಇಳಿಯುತ್ತಿರುತ್ತದೆ. ಬೇಯಿಸಿದ ಪದಾರ್ಥವನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿನ ಹವೆಯಲ್ಲಿ ಇಡಬಾರದು, ಬಡಿಸುವವರೆಗೆ 60 ಡಿಗ್ರಿಗಿಂತ ಹೆಚ್ಚು ಬಿಸಿಯಾಗಿ ಇಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅನ್ನದಲ್ಲಂತೂ ಕುದಿಸಿದರೂ ಸಾಯದ ಒಂದು ಬಗೆಯ ಸೂಕ್ಷ್ಮಜೀವಿಯ ಬೀಜಗಳಿರುತ್ತವೆ. ಅನ್ನ ಬೆಚ್ಚಗೆ ಕುಳಿತಷ್ಟೂ ಅವು ಮೊಳೆತು ವಿಷ ಹುಟ್ಟಿಸುತ್ತವೆ, ಆ ವಿಷ ಮತ್ತೆ ಕಾಯಿಸಿದರೂ ಹೋಗದು. ಆದ್ದರಿಂದ ರಾತ್ರಿ ತಡವಾಗಿ, ಜನವಿಲ್ಲದ ಹೋಟೆಲಿನಲ್ಲಿ ಫ್ರೈಡ್ ರೈಸ್ ತಿನ್ನುವುದಕ್ಕಿಂತ ಕಣ್ಣೆದುರಿಗೆ ಬೇಯುವ ದೋಸೆಯನ್ನೋ ಚಪಾತಿಯನ್ನೋ ಕೇಳುವುದು ಕ್ಷೇಮ.

ಬಾಣಲೆಯ ಎಣ್ಣೆಯನ್ನು ನೋಡಬೇಕು. ಎಣ್ಣೆ ಕಪ್ಪಾಗಿ, ಅಂಟಾಗಿ, ನೊರೆಯೆದ್ದು ಹೊಗೆ ಬಿಡುತ್ತಿದ್ದರೆ ಅದು ಹಲವು ಸಲ ಕಾದದ್ದು. ಹೀಗೆ ಕೆಟ್ಟ ಎಣ್ಣೆಗೆ 2018ರ ಜುಲೈ 1ರಿಂದ ಸರಕಾರವು ಅಳತೆಯನ್ನೇ ಗೊತ್ತುಮಾಡಿದೆ. ವಡೆ, ಭಜಿಗಳನ್ನು ಸುದ್ದಿಪತ್ರಿಕೆಯಲ್ಲಿ ಸುತ್ತಿ ಕೊಟ್ಟರೆ ಬೇಡವೆನ್ನಬೇಕು. ಮುದ್ರಣದ ಶಾಯಿ ಆಹಾರಕ್ಕೆ ಸೇರುತ್ತದೆಂದು ಆಹಾರ ಸುರಕ್ಷತಾ ಪ್ರಾಧಿಕಾರವು 2016ರಲ್ಲಿಯೂ 2023ರಲ್ಲಿಯೂ ಎಚ್ಚರಿಸಿದೆ. ಪತ್ರಿಕೆ ಇರುವುದು ಓದುವುದಕ್ಕೆ!

ನೀರಿನ ಮಾತು ಎಲ್ಲಕ್ಕಿಂತ ಮುಖ್ಯ. ಮಾಣಿ ಲೋಟದೊಳಗೆ ಬೆರಳದ್ದಿ ತರುವನೋ, ತಟ್ಟೆಗಳನ್ನು ಹರಿಯುವ ನೀರಿನಲ್ಲಿ ತೊಳೆಯುವರೋ ಅಥವಾ ಒಂದೇ ಬೋಗುಣಿಯ ಕಲಕು ನೀರಿನಲ್ಲಿ ಅದ್ದಿ ತೆಗೆಯುವರೋ ನೋಡಬೇಕು. ಮಳೆಗಾಲದಲ್ಲಿ ಹೆಚ್ಚಿಟ್ಟ ಹಸಿ ಕೋಸಂಬರಿ, ತೆಳ್ಳಗಿನ ಮಜ್ಜಿಗೆ, ಬರ್ಫ ಹಾಕಿದ ಪಾನಕ ಇವನ್ನು ಬಿಡುವುದೇ ಲೇಸು.

ಕೈತೊಳೆಯುವ ನೆಪದಿಂದ ಅಡುಗೆಮನೆಯ ಕಡೆ ಒಮ್ಮೆ ಕಣ್ಣು ಹಾಯಿಸಬಹುದು. ಒಳ್ಳೆಯ ಮಾಲಿಕನು ಅದಕ್ಕೆ ಸಿಟ್ಟಾಗುವುದಿಲ್ಲ. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮಾವಳ್ಳಿ ಟಿಫಿನ್ ರೂಮಿನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿಯ ಹೋಟೆಲುಗಳ ಶುಚಿತ್ವವನ್ನು ಕಂಡು ಬಂದು, ತಮ್ಮ ಪಾತ್ರೆಗಳನ್ನು ಹಬೆಯಿಂದ ಶುದ್ಧಮಾಡುವ ಪದ್ಧತಿಯನ್ನು ತಂದರು. ಅಡುಗೆಮನೆಯನ್ನು ಗಿರಾಕಿಗಳು ನೋಡಬಹುದೆಂಬುದೇ ಆ ಹೋಟೆಲಿನ ಹೆಮ್ಮೆಯಾಯಿತು.

ತಿಂಗಳ ಲೆಕ್ಕದ ಊಟ

ದಿನವೂ ಒಂದೇ ಕಡೆ ಉಣ್ಣುವವರು ತಿಂಗಳ ಲೆಕ್ಕ ಗೊತ್ತುಮಾಡಿಕೊಳ್ಳುವುದು ಮೇಲು. ಆದರೆ ಮೊದಲು ನಾಲ್ಕು ದಿನ ಬಿಡಿ ಊಟ ಮಾಡಿ ನೋಡಬೇಕು. ಅದರಲ್ಲಿ ಒಂದು ದಿನ ರವಿವಾರವಿರಲಿ, ಒಂದು ದಿನ ತಿಂಗಳ ಕೊನೆಯದಿರಲಿ. ಅನಂತರ ಕೆಲವು ಸಂಗತಿಗಳನ್ನು ಬಾಯಿಬಿಟ್ಟು ಕೇಳಬೇಕು. ಅನ್ನ, ಚಪಾತಿ ಬೇಕಾದಷ್ಟು ಕೊಡುತ್ತಾರೆಯೋ ಲೆಕ್ಕದ ಮೇಲೆಯೋ? ರವಿವಾರ ರಾತ್ರಿ ರಜೆಯೋ? ಪಾಳಿ ಬದಲಾಗಿ ತಡವಾದರೆ ಊಟವನ್ನು ತೆಗೆದಿಡುತ್ತಾರೆಯೇ? ಹಬ್ಬಕ್ಕೆ ಊರಿಗೆ ಹೋದ ದಿನಗಳ ಹಣವನ್ನು ಕಳೆಯುತ್ತಾರೆಯೇ? ಇಲ್ಲಿಯ ಖಾನಾವಳಿಗಳಲ್ಲಿ ಹೀಗೆ ತಪ್ಪಿದ ಊಟಕ್ಕೆ ಖಾಡಾ ಎನ್ನುತ್ತಾರೆ. ಎಷ್ಟು ಖಾಡೆಗಳಿಗೆ ಸೋಡಿ ಎಂಬುದನ್ನು ಮುಂಗಡ ಕೊಡುವ ಮೊದಲೇ ತಿಳಿದು, ಒಂದು ಚಿಕ್ಕ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬೇಕು. ತಿಂಗಳ ಕಡೆಗೆ ಮನಸ್ತಾಪಕ್ಕೆ ಎಡೆಯಿರುವುದಿಲ್ಲ. ಬಡಿಸುವ ಮಾವಶಿಯೂ ನಮ್ಮಂತೆಯೇ ದುಡಿದು ಉಣ್ಣುವವಳು. ಬರುವುದಿಲ್ಲವೆಂದು ಬೆಳಗ್ಗೆಯೇ ತಿಳಿಸಿದರೆ ಅವಳಿಗೂ ನಷ್ಟ ತಪ್ಪುತ್ತದೆ.

ಗಿರಾಕಿಯ ಹಕ್ಕು

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯಂತೆ ಪ್ರತಿಯೊಂದು ಹೋಟೆಲೂ ಪರವಾನಗಿ ಇಲ್ಲವೇ ನೋಂದಣಿ ಪಡೆದಿರಬೇಕು. ಅದರ 14 ಅಂಕಿಗಳ ಸಂಖ್ಯೆಯನ್ನು ಕಾಣುವಂತೆ ತೂಗುಹಾಕಿರಬೇಕು. 2022ರಿಂದ ಬಿಲ್ಲಿನ ಮೇಲೆಯೂ ಅದು ಇರತಕ್ಕದ್ದು. ಸಾಮಾನ್ಯ ಹೋಟೆಲಿನ ಊಟಕ್ಕೆ ಜಿ.ಎಸ್.ಟಿ. ಶೇಕಡಾ 5. ಸಣ್ಣ ವ್ಯಾಪಾರಿಗಳಿಗಿರುವ ಕಾಂಪೊಸಿಷನ್ ಪದ್ಧತಿಗೆ ಸೇರಿದ ಹೋಟೆಲಿನವರು ಗಿರಾಕಿಯಿಂದ ಆ ತೆರಿಗೆಯನ್ನು ಪ್ರತ್ಯೇಕವಾಗಿ ಪಡೆಯುವಂತೆಯೇ ಇಲ್ಲ. ಸೇವಾ ಶುಲ್ಕವೆಂದು ಬಿಲ್ಲಿಗೆ ತಾವಾಗಿ ಸೇರಿಸಕೂಡದೆಂದು 2022ರ ಜುಲೈಯಲ್ಲಿ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ನಿರ್ದೇಶನ ನೀಡಿತು. ದಿಲ್ಲಿಯ ಉಚ್ಚ ನ್ಯಾಯಾಲಯ 2025ರ ಮಾರ್ಚಿಯಲ್ಲಿ ಅದನ್ನು ಎತ್ತಿಹಿಡಿದಿದೆ. ಕೊಡುವುದೂ ಬಿಡುವುದೂ ನಮ್ಮ ಇಚ್ಛೆ. ದೂರಿದ್ದರೆ ಮೊದಲು ಗಲ್ಲೆಯ ಮೇಲೆ ಕುಳಿತವರಿಗೆ ಸೌಮ್ಯವಾಗಿ ಹೇಳಬೇಕು. ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಬಿಲ್ಲನ್ನು ಮಾತ್ರ ಬಿಸಾಡಬಾರದು.

ಊಟ ಬಲ್ಲವನಿಗೆ ರೋಗವಿಲ್ಲವೆಂದು ಹಿರಿಯರು ಹೇಳಿದರು. ಪರಸ್ಥಳದಲ್ಲಿ ಆ ಬಲ್ಲವಿಕೆ ಒಬ್ಬನಿಂದಲೇ ಬರುವಂಥದಲ್ಲ. ಸಂಜೆ ವಾಚನಾಲಯಕ್ಕೆ ಬರುವ ಬಂಧುಗಳು ಪತ್ರಿಕೆಯನ್ನು ಮಡಿಸಿಟ್ಟ ಮೇಲೆ, ತಮ್ಮ ಮಗ್ಗುಲಲ್ಲಿ ಕುಳಿತ ಹೊಸಬರನ್ನು ನೀವು ಎಲ್ಲಿ ಉಣ್ಣುತ್ತೀರಿ ಎಂದೊಮ್ಮೆ ವಿಚಾರಿಸಲಿ. ಒಳ್ಳೆಯ ಖಾನಾವಳಿ ಗೊತ್ತಿದ್ದವರು ಅದನ್ನು ಗುಟ್ಟುಮಾಡದೆ ಹೇಳಲಿ. ಗೊತ್ತಿಲ್ಲದವರು ಕೇಳಲು ಸಂಕೋಚಪಡದಿರಲಿ.