ಎತ್ತಿನ ಗಾಡಿಯ ಲೆಕ್ಕ ಹಾಕಿದ ಮೇಷ್ಟ್ರು

ಅವೆನ್ಯೂ ರಸ್ತೆಯ ಹಳೆ ಪುಸ್ತಕದಂಗಡಿಯಲ್ಲಿ, ಪರೀಕ್ಷೆಯ ಗೈಡುಗಳ ರಾಶಿಯ ಅಡಿಯಿಂದ, ಬೆನ್ನು ಕಿತ್ತುಬಂದ ಒಂದು ಇಂಗ್ಲಿಷ್ ವರದಿ ನನ್ನ ಕೈಗೆ ಸಿಕ್ಕಿತು. ಪಶುಶಕ್ತಿಯ ನಿರ್ವಹಣೆ ಮತ್ತು ಎತ್ತಿನ ಗಾಡಿಯ ಆಧುನೀಕರಣ ಎಂಬ ಅರ್ಥದ ಹೆಸರು. 1979ರದು. ಪ್ರಕಟಿಸಿದವರು ಬೆಂಗಳೂರಿನ ಐಐಎಂ, ಅಂದರೆ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್. ಬರೆದವರು ಎನ್. ಎಸ್. ರಾಮಸ್ವಾಮಿ. ಇವರು ಆ ಸಂಸ್ಥೆಯ ಮೊದಲ ನಿರ್ದೇಶಕರು ಎಂದು ತಿಳಿದಾಗ ಅಂಗಡಿಯ ಮುಂದೆಯೇ ನಿಂತು ಓದಲು ಶುರುಮಾಡಿದೆ.

ಎಂಬಿಎ ಎಂದರೆ ಇವತ್ತು ನಮ್ಮ ಕಣ್ಣಿಗೆ ಕಟ್ಟುವುದು ಕೋಟು, ಟೈ, ಲ್ಯಾಪ್‌ಟಾಪು, ಲಕ್ಷಗಳಲ್ಲಿ ಹೇಳುವ ಸಂಬಳ. ಆ ಎರಡು ವರ್ಷದ ಓದನ್ನು ಬೆಂಗಳೂರಿನಲ್ಲಿ ನೆಲೆಗೊಳಿಸಿದ ಮನುಷ್ಯ ಎತ್ತಿನ ಹೆಗಲಿನ ಹುಣ್ಣಿನ ಬಗ್ಗೆ ಬರೆದಿದ್ದಾರೆ. ಅದು ಹೇಗಾಯಿತು ಎಂದು ಹುಡುಕುತ್ತ ಹೋದವನ ಬರಹ ಇದು.

ಈ ಓದಿನ ಬೇರು ನಮ್ಮ ನೆಲದ್ದಲ್ಲ. 1900ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಎಡ್ವರ್ಡ್ ಟಕ್ ಎಂಬ ಶ್ರೀಮಂತ ತನ್ನ ತಂದೆಯ ನೆನಪಿಗೆ ಹಣ ಕೊಟ್ಟು ಒಂದು ಶಾಲೆ ಮಾಡಿಸಿದ. ಕಾಲೇಜು ಓದಿದವರಿಗೆ ವ್ಯಾಪಾರ ನಡೆಸುವುದನ್ನು ಕಲಿಸುವ ಎರಡು ವರ್ಷದ ವ್ಯಾಸಂಗ ಅಲ್ಲಿಂದ ಹೊರಟಿತು. 1908ರಲ್ಲಿ ಹಾರ್ವರ್ಡ್ ಅದಕ್ಕೆ ಎಂಬಿಎ ಎಂಬ ಹೆಸರಿಟ್ಟಿತು. ಕಾನೂನು ಶಾಲೆಯಲ್ಲಿ ಹಳೆ ಮೊಕದ್ದಮೆಗಳನ್ನು ಮುಂದಿಟ್ಟು ಪಾಠ ಮಾಡುತ್ತಿದ್ದ ಹಾಗೆ, ನಿಜವಾದ ಕಂಪನಿಗಳ ನಿಜವಾದ ತೊಡಕುಗಳನ್ನು ತರಗತಿಗೆ ತಂದು ಚರ್ಚಿಸುವ ಕ್ರಮವೂ ಅಲ್ಲೇ ಬೆಳೆಯಿತು. ನಮ್ಮಲ್ಲಿ ಕಲ್ಕತ್ತೆಯಲ್ಲಿ 1953ರಲ್ಲಿ ಒಂದು ಸಂಸ್ಥೆ ಬಂತು. 1957ರಲ್ಲಿ ವಾಲ್ಟೇರಿನ ಆಂಧ್ರ ವಿಶ್ವವಿದ್ಯಾಲಯ ಎಂಬಿಎ ತರಗತಿ ತೆರೆಯಿತು. 1961ರ ಕೊನೆಯ ಎರಡು ತಿಂಗಳಲ್ಲಿ ಕಲ್ಕತ್ತ ಮತ್ತು ಅಹಮದಾಬಾದಿನಲ್ಲಿ ಎರಡು ಐಐಎಂಗಳು ಹುಟ್ಟಿದವು. ಅಹಮದಾಬಾದಿಗೆ ಹಾರ್ವರ್ಡ್ ಗುರು. ಫೋರ್ಡ್ ಫೌಂಡೇಶನ್ನಿನ ಹಣ ಬಂತು, ವಿಕ್ರಮ್ ಸಾರಾಭಾಯಿ ಅವರ ಓಡಾಟ ಇತ್ತು.

ಅಹಮದಾಬಾದಿನ ರವಿ ಮತ್ತಾಯಿ ಅವರನ್ನು ದಾಟಿ ಬೆಂಗಳೂರಿಗೆ ಬರಲು ನನಗೆ ಮನಸ್ಸಾಗುವುದಿಲ್ಲ. 1965ರಲ್ಲಿ ಪೂರ್ಣಾವಧಿ ನಿರ್ದೇಶಕರಾದಾಗ ಅವರಿಗೆ ನಲವತ್ತೂ ತುಂಬಿರಲಿಲ್ಲ. ದೊಡ್ಡ ಸಂಸ್ಥೆ ಕಟ್ಟಿ, 1972ರಲ್ಲಿ ತಾವಾಗಿಯೇ ಕುರ್ಚಿ ಬಿಟ್ಟು, ಅದೇ ಸಂಸ್ಥೆಯಲ್ಲಿ ಸಾಮಾನ್ಯ ಪ್ರಾಧ್ಯಾಪಕರಾಗಿ ಉಳಿದರು. ನಿರ್ದೇಶಕನ ಹುದ್ದೆ ಪಾಳಿಯ ಕೆಲಸ, ಜೀವಮಾನದ ಜಹಗೀರಲ್ಲ ಎಂದು ನಡೆದು ತೋರಿಸಿದರು. ಆಮೇಲೆ ಅವರು ಹೋದದ್ದು ರಾಜಸ್ಥಾನದ ಜವಾಜಾ ಎಂಬ ಬರಪೀಡಿತ ಸೀಮೆಗೆ. ಅಲ್ಲಿನ ನೇಕಾರರು, ಚರ್ಮದ ಕೆಲಸದವರು ತಮ್ಮ ಸರಕನ್ನು ತಾವೇ ಮಾಡಿ, ತಾವೇ ಮಾರಿ, ತಾವೇ ಲೆಕ್ಕ ಇಡುವಂತಾಗಬೇಕು ಎಂದು ವರ್ಷಗಟ್ಟಲೆ ದುಡಿದರು. ಮ್ಯಾನೇಜ್‌ಮೆಂಟ್ ಎಂದರೆ ಇದೂ ಹೌದು ಎಂದು ಆ ಪೀಳಿಗೆ ನಂಬಿತ್ತು.

ಇನ್ನೂ ಎರಡು ಐಐಎಂ ಬೇಕು ಎಂದು 1972ರಲ್ಲಿ ಹೇಳಿದ ಸಮಿತಿಗೆ ಇದೇ ಮತ್ತಾಯಿ ಅಧ್ಯಕ್ಷರು. ಆ ಮಾತನ್ನು ಹಿಡಿದು ಬೆಂಗಳೂರಿಗೆ ತಂದವರಲ್ಲಿ ಮುಖ್ಯರು ನಮ್ಮ ಉಡುಪಿಯ ತೋನ್ಸೆ ಅನಂತ ಪೈ, ಆಗ ಕೇಂದ್ರದಲ್ಲಿ ರೈಲ್ವೆ ಮಂತ್ರಿ. ಟಿ. ಎ. ಪೈ ಅವರು ಬೆಳೆದದ್ದು ಸಿಂಡಿಕೇಟ್ ಬ್ಯಾಂಕಿನ ನೆರಳಲ್ಲಿ. 1928ರಿಂದ ಆ ಬ್ಯಾಂಕಿನ ಏಜೆಂಟರು ಪ್ರತಿದಿನ ಮನೆಬಾಗಿಲಿಗೆ, ಅಂಗಡಿ ಬಾಗಿಲಿಗೆ ಹೋಗಿ ಎರಡಾಣೆ ಪಿಗ್ಮಿ ಠೇವಣಿ ಕಟ್ಟಿಸಿಕೊಳ್ಳುತ್ತಿದ್ದರು. ಮೀನು ಮಾರುವ ಹೆಂಗಸಿನ ಎರಡಾಣೆ, ಬೀಡಿ ಕಟ್ಟುವವರ ಎರಡಾಣೆ ಸೇರಿಯೇ ಬ್ಯಾಂಕು ದೊಡ್ಡದಾಗುತ್ತದೆ ಎಂಬುದು ಕರಾವಳಿಯ ಅನುಭವ. ಆ ಅನುಭವ ಇದ್ದವರ ಕೈಯಲ್ಲಿ ಒಂದು ಮ್ಯಾನೇಜ್‌ಮೆಂಟ್ ಸಂಸ್ಥೆಯ ಬೀಜ ಬಿತ್ತು ಎಂಬುದೇ ನನಗೆ ಸಂತೋಷ. ಪೈ ಅವರ ಹೆಸರಿನ ಸಂಸ್ಥೆ ಮಣಿಪಾಲದಲ್ಲಿ 1980ರಲ್ಲಿ ಶುರುವಾಯಿತು. ಮರುವರ್ಷವೇ ಅವರು ತೀರಿಕೊಂಡರು.

ಮುಂಬೈಯಲ್ಲಿ ಮ್ಯಾನೇಜ್‌ಮೆಂಟ್ ಸಂಸ್ಥೆಗಳನ್ನು ನಡೆಸಿ ಹೆಸರಾಗಿದ್ದ ರಾಮಸ್ವಾಮಿ ಬೆಂಗಳೂರಿನ ಐಐಎಂಗೆ ನಿರ್ದೇಶಕರಾಗಿ ಬಂದರು. ರಾಜ್ಯ ಸರ್ಕಾರ 100 ಎಕರೆ ಜಮೀನನ್ನು ಪುಕ್ಕಟೆ ಕೊಟ್ಟಿತು, ಜೊತೆಗೆ 30 ಲಕ್ಷ ರೂಪಾಯಿಯ ಇಡುಗಂಟು. 1973ರ ಅಕ್ಟೋಬರ್ 28ರಂದು ಇಂದಿರಾ ಗಾಂಧಿ ಬಂದು ಉದ್ಘಾಟಿಸಿದರು. ಮರುವರ್ಷ ಎರಡು ವರ್ಷದ ತರಗತಿ ಆರಂಭವಾಯಿತು, ಲ್ಯಾಂಗ್‌ಫೋರ್ಡ್ ರಸ್ತೆಯ ತಾತ್ಕಾಲಿಕ ಜಾಗದಲ್ಲಿ. ಬನ್ನೇರುಘಟ್ಟ ರಸ್ತೆಗೆ ಹೋಗಲು 1983 ಆಗಬೇಕಾಯಿತು.

ಬೆಂಗಳೂರು ಯಾಕೆ ಎಂಬುದಕ್ಕೆ ಆಗ ಎಲ್ಲರಿಗೂ ಗೊತ್ತಿದ್ದ ಉತ್ತರ ಒಂದಿತ್ತು. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್, ಬಿಇಎಂಎಲ್ ಎಲ್ಲ ಇಲ್ಲಿಯೇ. ಬೆಳಿಗ್ಗೆ ಆರಕ್ಕೆ ಸೈರನ್ ಕೂಗಿದರೆ ಊರಿನ ಅರ್ಧ ಮನೆಗಳಲ್ಲಿ ಟಿಫನ್ ಕ್ಯಾರಿಯರ್ ಮುಚ್ಚುವ ಸದ್ದು. ಜನರ ದುಡ್ಡಿನಿಂದ ಕಟ್ಟಿದ ಈ ಕಾರ್ಖಾನೆಗಳನ್ನು ಚೆನ್ನಾಗಿ ನಡೆಸುವವರು ಬೇಕಿತ್ತು. ಸರ್ಕಾರಿ ಉದ್ದಿಮೆಗಳಿಗಾಗಿಯೇ ಒಂದು ಸಂಸ್ಥೆ ಎಂಬುದು ಮೊದಲ ಯೋಚನೆ. ಖಾಸಗಿ ಕಂಪನಿಯ ಲಾಭದ ಲೆಕ್ಕಕ್ಕೂ ರೈಲ್ವೆ, ವಿದ್ಯುತ್ತು, ಸಾರಿಗೆಗಳಂಥ ಜನರ ಸೊತ್ತಿನ ಲೆಕ್ಕಕ್ಕೂ ವ್ಯತ್ಯಾಸ ಇದೆ, ಅದನ್ನು ಬೇರೆಯಾಗಿಯೇ ಕಲಿಸಬೇಕು ಎಂಬ ತಿಳಿವಳಿಕೆ ಅದು. ಬರಬರುತ್ತ ಆ ಯೋಚನೆ ತೆಳುವಾಯಿತು. ಎಚ್‌ಎಂಟಿ ಗಡಿಯಾರದ ಘಟಕಗಳಿಗೆ 2016ರಲ್ಲಿ ಬೀಗ ಬಿತ್ತು. ಅಪ್ಪನ ಕೈಯಲ್ಲಿದ್ದ ಗಡಿಯಾರ ಈಗ ನನ್ನ ಕೈಯಲ್ಲಿದೆ, ದಿನಾ ಕೀಲಿ ಕೊಡುತ್ತೇನೆ. ಆ ಕಾರ್ಖಾನೆ ಉಳಿಸುವ ಲೆಕ್ಕ ಕಲಿತವರು ಅಲ್ಲಿಗೆ ಹೋಗಿ ದುಡಿದಿದ್ದರೆ ಎಂದು ನೆನೆದಾಗ ಈಗಲೂ ಸಂಕಟವಾಗುತ್ತದೆ.

ಗಾಡಿಯ ವಿಷಯಕ್ಕೆ ಬರುತ್ತೇನೆ. 1979ರ ಆ ವರದಿಯಲ್ಲಿ ರಾಮಸ್ವಾಮಿ ಅವರ ವಾದ ಸರಳ. ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಎತ್ತಿನ ಗಾಡಿಗಳಿವೆ. ಹೊಲದಿಂದ ಸಂತೆಗೆ, ಸಂತೆಯಿಂದ ಗಿರಣಿಗೆ ದವಸ ಸಾಗಿಸುವುದು ಅವೇ. ಇಷ್ಟು ದೊಡ್ಡ ಸಾರಿಗೆಯನ್ನು ಒಂದು ಉದ್ಯಮ ಎಂದು ಯಾರೂ ನೋಡುವುದಿಲ್ಲ. ಅದಕ್ಕೆ ಸಂಶೋಧನೆ ಇಲ್ಲ, ಸಾಲ ಇಲ್ಲ, ಸರ್ಕಾರದಲ್ಲಿ ಹೇಳುವವರು ಕೇಳುವವರು ಇಲ್ಲ. ಕಬ್ಬಿಣದ ಪಟ್ಟಾ ಹೊಡೆದ ಮರದ ಚಕ್ರ ರಸ್ತೆಯನ್ನು ಕೊರೆಯುತ್ತದೆ. ಅಚ್ಚು ಉಜ್ಜಿ ಉಜ್ಜಿ ಎತ್ತಿನ ಶಕ್ತಿ ಸುಮ್ಮನೆ ಸೋರಿಹೋಗುತ್ತದೆ. ಗಾಡಿಗೆ ಬ್ರೇಕಿಲ್ಲವಾದ್ದರಿಂದ ಇಳಿಜಾರಿನಲ್ಲಿ ಪೂರ್ತಿ ಭಾರ ಎತ್ತಿನ ಕತ್ತಿನ ಮೇಲೆ. ನೊಗ ಒತ್ತಿ ಒತ್ತಿ ಹೆಗಲು ಬಾತು ಹುಣ್ಣಾಗುತ್ತದೆ. ಹಗುರವಾದ ಗಾಡಿ, ಬೇರಿಂಗಿನ ಚಕ್ರ, ಕತ್ತು ಒತ್ತದ ನೊಗ ಇವಿಷ್ಟಾದರೆ ರೈತನ ಆದಾಯ ಹೆಚ್ಚುತ್ತದೆ, ಎತ್ತಿನ ನೋವು ಇಳಿಯುತ್ತದೆ, ಡೀಸೆಲ್ ಉಳಿಯುತ್ತದೆ.

ನಮ್ಮ ಅಜ್ಜನಿಗೆ ಇದೆಲ್ಲ ಗೊತ್ತಿತ್ತು. ಕೀಲೆಣ್ಣೆ ಹಾಕದೆ ಗಾಡಿ ಹೊರಡಿಸಿದ ಆಳಿಗೆ ಅವರು ಬೈಯುತ್ತಿದ್ದುದನ್ನು ಕೇಳಿದ್ದೇನೆ. ಹೆಗಲು ಹುಣ್ಣಾದ ಎತ್ತಿಗೆ ಅರಿಶಿನ, ಬೇವಿನೆಣ್ಣೆ ಹಚ್ಚಿ, ಮಾಯುವವರೆಗೆ ಕೊಟ್ಟಿಗೆಯಲ್ಲೇ ಕಟ್ಟುತ್ತಿದ್ದರು. ಅಜ್ಜನ ಆ ತಿಳಿವಳಿಕೆ ಐಐಎಂನ ವರದಿಯಲ್ಲಿ ಅಂಕಿಅಂಶದ ರೂಪ ತಾಳಿ ದೇಶದ ಆರ್ಥಿಕತೆಯ ಮಾತಾಗಿರುವುದನ್ನು ನೋಡಿ ನನಗೆ ಗಂಟಲು ಕಟ್ಟಿತು. 1981ರಲ್ಲಿ ನೈರೋಬಿಯಲ್ಲಿ ನಡೆದ ವಿಶ್ವಸಂಸ್ಥೆಯ ಇಂಧನ ಸಮ್ಮೇಳನದಲ್ಲಿ ಇಂದಿರಾ ಗಾಂಧಿ ಪಶುಶಕ್ತಿಯ ಬಗ್ಗೆ ಮಾತನಾಡಿದರು. ರಾಮಸ್ವಾಮಿ ಮುಂದೆ ಬೆಂಗಳೂರಿನಲ್ಲಿ ಕಾರ್ಟ್‌ಮನ್ ಎಂಬ ಸಂಸ್ಥೆ ಕಟ್ಟಿ, ಮನುಷ್ಯ, ಪ್ರಾಣಿ, ಪ್ರಕೃತಿ ಮೂರನ್ನೂ ಒಟ್ಟಿಗೆ ಇಟ್ಟು ಕೆಲಸ ಮಾಡಿದರು. ಕಸಾಯಿಖಾನೆಗಳ ಸ್ಥಿತಿ, ದನ ಸಾಗಿಸುವ ಲಾರಿಗಳ ಹಿಂಸೆ, ಎಲ್ಲವೂ ಅವರ ಚಿಂತೆಯಲ್ಲಿ ಸೇರಿತ್ತು.

ಬನ್ನೇರುಘಟ್ಟ ರಸ್ತೆಯ ಬಿಳೇಕಹಳ್ಳಿಯಲ್ಲಿರುವ ಐಐಎಂ ಆವರಣಕ್ಕೆ ಒಮ್ಮೆ ಹೋಗಿದ್ದೆ. ಬಿ. ವಿ. ದೋಶಿ ರೂಪಿಸಿದ ಬೂದುಗಲ್ಲಿನ ಕಟ್ಟಡ. ಉದ್ದನೆಯ ಪಡಸಾಲೆಗಳು, ಮೇಲಿಂದ ಬೀಳುವ ಬಿಸಿಲು, ಕಲ್ಲಿಗೆ ಹಬ್ಬಿದ ಬಳ್ಳಿ. ‘ತ್ರೀ ಈಡಿಯಟ್ಸ್’ ಸಿನಿಮಾದಲ್ಲಿ ನೋಡಿದವರಿಗೆ ಗುರುತು ಸಿಗುತ್ತದೆ. ನಡೆಯುತ್ತಲೇ ಯೋಚಿಸುವುದಕ್ಕೆ ಕಟ್ಟಿದ ಜಾಗ ಅದು. ಇಲ್ಲಿ ಮೊದಲ ವರ್ಷ ಎಲ್ಲರಿಗೂ ಒಂದೇ ಪಾಠ: ಲೆಕ್ಕಪತ್ರ, ಅಂಕಿಅಂಶ, ಮಾರಾಟ, ಹಣಕಾಸು, ಜನರ ವರ್ತನೆ. ನಡುವಿನ ಬೇಸಿಗೆಯಲ್ಲಿ ಎರಡು ತಿಂಗಳು ಯಾವುದಾದರೂ ಕಂಪನಿಯಲ್ಲಿ ಕೆಲಸ. ಎರಡನೇ ವರ್ಷ ಬೇಕಾದ ವಿಷಯ ಆರಿಸಿಕೊಳ್ಳಬಹುದು. ಇಷ್ಟೆಲ್ಲ ಓದಿದರೂ ದಶಕಗಳ ಕಾಲ ಸಿಗುತ್ತಿದ್ದದ್ದು ಡಿಪ್ಲೊಮಾ ಮಾತ್ರ. ಐಐಎಂಗಳು ಸೊಸೈಟಿಗಳಾಗಿ ನೋಂದಾಯಿಸಿಕೊಂಡವು, ಡಿಗ್ರಿ ಕೊಡುವ ಹಕ್ಕು ಕಾನೂನಿನಲ್ಲಿ ಇರಲಿಲ್ಲ. 2017ರ ಐಐಎಂ ಕಾಯ್ದೆ 2018ರ ಜನವರಿ 31ರಂದು ಜಾರಿಗೆ ಬಂದ ಮೇಲಷ್ಟೇ ಎಂಬಿಎ ಎಂಬ ಮೂರಕ್ಷರ ಅಧಿಕೃತವಾಗಿ ಅವರ ಕೈಗೆ ಬಂತು. ಡಿಗ್ರಿಯೋ ಡಿಪ್ಲೊಮಾವೋ ಎಂಬ ಹೆಸರಿನ ಈ ಜಗಳಕ್ಕೆ ಪತ್ರಿಕೆಗಳು ಕೊಟ್ಟ ಜಾಗದಲ್ಲಿ ಒಂದು ಮೂಲೆಯನ್ನಾದರೂ, ಒಳಗೆ ಏನು ಕಲಿಸುತ್ತಿದ್ದಾರೆ ಎಂಬುದಕ್ಕೆ ಕೊಡಬೇಕಿತ್ತು.

ನನ್ನ ತಂಗಿಯ ಮಗಳು ಈಗ ಬೇರೊಂದು ಊರಿನ ಕಾಲೇಜಿನಲ್ಲಿ ಎಂಬಿಎ ಮೊದಲ ವರ್ಷ ಮುಗಿಸಿದ್ದಾಳೆ. ಬೇಸಿಗೆಯ ಪ್ರಾಜೆಕ್ಟಿಗೆ ಬೆಂಗಳೂರಿಗೆ ಬಂದವಳು ನಮ್ಮ ಮನೆಯಲ್ಲೇ ಇದ್ದಳು. ದಿನವಿಡೀ ಒಂದು ಮನೆಬಾಗಿಲ ದಿನಸಿ ಕಂಪನಿಯ ಆರ್ಡರುಗಳ ಲೆಕ್ಕ ನೋಡುವ ಕೆಲಸ. ಒಂದು ರಾತ್ರಿ ಆ ವರದಿಯನ್ನು ಅವಳ ಮುಂದಿಟ್ಟೆ. ಹಾಳೆ ಉದುರದ ಹಾಗೆ ಒಂದೊಂದಾಗಿ ತಿರುವಿ ಓದಿದಳು.

“ಮಾವ, ಎತ್ತಿಗೆ ಹೆಗಲು ಹುಣ್ಣಾದ್ರೆ ಎಷ್ಟು ದಿನ ಕೆಲಸ ನಿಲ್ಲುತ್ತೆ?”

“ಮಾಯೋವರೆಗೂ. ಹತ್ತು ದಿನ, ಹದಿನೈದು ದಿನ.”

ಅವಳು ಪೆನ್ನು ಹಿಡಿದು ಅಂಚಿನಲ್ಲಿ ಏನೋ ಗುಣಿಸಿದಳು. ಆಮೇಲೆ ತನ್ನ ಕಂಪನಿಯ ಹುಡುಗರ ಮಾತು ತೆಗೆದಳು. ಬೆನ್ನಿಗೆ ಇಪ್ಪತ್ತು ಕಿಲೋ ಚೀಲ ಹಾಕಿಕೊಂಡು ಬೈಕಿನಲ್ಲಿ ಓಡುವವರು. “ಇವರ ಬೆನ್ನು ನೋವಿನ ರಜೆ ನಮ್ಮ ಶೀಟಲ್ಲಿ ಯಾವ ಕಾಲಮಲ್ಲೂ ಇಲ್ಲ ಮಾವ” ಅಂದಳು.

ಮಾರನೇ ದಿನ ಆಫೀಸಿಗೆ ಹೋಗುವಾಗ ವರದಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಬ್ಯಾಗಿನಲ್ಲಿ ಇಟ್ಟುಕೊಂಡಳು. ಅದು ಇನ್ನೂ ಅವಳ ಹತ್ತಿರವೇ ಇದೆ.