ಅಕ್ಕಡಿ ಸಾಲು ಮತ್ತು ಆಹಾರ ಭದ್ರತೆ

ಇಂದಿನ ಅಗತ್ಯವನ್ನು ಪೂರೈಸುತ್ತಲೇ ಮಣ್ಣು, ನೀರು, ಬಿತ್ತನೆ ಬೀಜಗಳನ್ನು ಮುಂದಿನ ಪೀಳಿಗೆಗೂ ಉಳಿಸುವ ಬೇಸಾಯವೇ ಸುಸ್ಥಿರ ಕೃಷಿ. ದಕ್ಷಿಣ ಕರ್ನಾಟಕದ ಬಯಲುಸೀಮೆಯ ಅಕ್ಕಡಿ ಪದ್ಧತಿ, ಅಂದರೆ ರಾಗಿಯ ಹೊಲದಲ್ಲಿ ಅಲ್ಲಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಜೋಳಗಳ ಸಾಲು ಬಿಡುವ ಕ್ರಮ, ಇದಕ್ಕೆ ಉತ್ತಮ ನಿದರ್ಶನ. ಅವರೆ, ತೊಗರಿಗಳ ಬೇರುಗಂಟುಗಳಲ್ಲಿ ನೆಲೆಸುವ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಗಾಳಿಯಲ್ಲಿರುವ ಸಾರಜನಕವನ್ನು ಸಸ್ಯಕ್ಕೆ ದಕ್ಕುವ ರೂಪಕ್ಕೆ ತರುವುದರಿಂದ ಗೊಬ್ಬರದ ಖರ್ಚು ತಗ್ಗುತ್ತದೆ. ಹುಚ್ಚೆಳ್ಳಿನ ಹಳದಿ ಹೂವು ಜೇನ್ನೊಣಗಳನ್ನು ಸೆಳೆಯುತ್ತದೆ. ರಾಗಿಯ ಕೊಯ್ಲು ಮುಗಿದ ಮೇಲೂ ತೊಗರಿ ಹೊಲದಲ್ಲಿ ನಿಂತು ಕಾಯಿ ಕೊಡುತ್ತದೆ. ಮಳೆ ಕೈಕೊಟ್ಟು ಒಂದು ಬೆಳೆ ಸೊರಗಿದರೂ ಇನ್ನೊಂದು ಕೈಹಿಡಿಯುತ್ತದೆ; ಹಿಟ್ಟು, ಬೇಳೆ, ಎಣ್ಣೆ, ದನಕ್ಕೆ ಮೇವು ಎಲ್ಲವೂ ಒಂದೇ ಹೊಲದಿಂದ ಮನೆ ಸೇರುತ್ತವೆ.

ಆಹಾರ ಭದ್ರತೆಯೆಂದರೆ ಹೊಟ್ಟೆ ತುಂಬುವಷ್ಟು ಧಾನ್ಯ ಮಾತ್ರವಲ್ಲ, ಪೌಷ್ಟಿಕ ಆಹಾರ ವರ್ಷವಿಡೀ ಎಲ್ಲರ ಕೈಗೆಟುಕುವ ಸ್ಥಿತಿ. ಅಕ್ಕಡಿಯ ಮುಖ್ಯ ಬೆಳೆಯಾದ ರಾಗಿ ಇದಕ್ಕೆ ನೆರವಾಗುತ್ತದೆ: 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದ್ದು, ಅಕ್ಕಿಯಲ್ಲಿ ಅದು ತೀರಾ ಅಲ್ಪ. ಸುಲಭವಾಗಿ ಹುಳು ಹಿಡಿಯದ ರಾಗಿಯನ್ನು ಹಿಂದಿನವರು ಹಗೇವು ಎಂಬ ನೆಲದಡಿಯ ಕಣಜದಲ್ಲಿ ವರ್ಷಗಟ್ಟಲೆ ಕಾಪಿಡುತ್ತಿದ್ದರು. ಮಂಡ್ಯದ ವಿ.ಸಿ. ಫಾರಂನ ಸಂಶೋಧಕ ಲಕ್ಷ್ಮಣಯ್ಯನವರು ಭಾರತ ಮತ್ತು ಆಫ್ರಿಕಾದ ರಾಗಿ ತಳಿಗಳನ್ನು ಸಂಕರಗೊಳಿಸಿ ಇಂಡಾಫ್ ತಳಿಗಳನ್ನು ರೂಪಿಸಿದ ಮೇಲೆ ಇಳುವರಿಯೂ ಗಣನೀಯವಾಗಿ ಏರಿತು.

ಆದರೂ ಮಿಶ್ರ ಸಾಲುಗಳು ಯಂತ್ರದ ಕೊಯ್ಲಿಗೆ ಒಗ್ಗದ ಕಾರಣ ಒಂಟಿ ಬೆಳೆಯೇ ರೈತನಿಗೆ ಸಲೀಸೆನಿಸುತ್ತದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಪಡಿತರದಲ್ಲಿ ರಾಗಿಯಂಥ ಸಿರಿಧಾನ್ಯಕ್ಕೂ ಅವಕಾಶ ಕೊಟ್ಟಿದೆ. ಮಿಶ್ರ ಬೆಳೆ ಉಳಿಯಬೇಕಾದರೆ ರಾಗಿಯ ಜೊತೆ ಅಕ್ಕಡಿಯ ಅವರೆ, ತೊಗರಿಗೂ ಸರ್ಕಾರ ನ್ಯಾಯವಾದ ಬೆಲೆಯ ಖರೀದಿ ಖಾತರಿಪಡಿಸಬೇಕು.